ಏಷ್ಯನ್ ಗೇಮ್ಸ್‌ನಲ್ಲಿ ಭಾರತ: 107 ಪದಕಗಳ ಲೆಕ್ಕ ಓದುವುದು ಹೇಗೆ?



2023ರ ಅಕ್ಟೋಬರ್ ಮೊದಲ ವಾರ ನಿಮಗೂ ನೆನಪಿರಬಹುದು. ಚೀನಾದ ಹಾಂಗ್‌ಝೌನಲ್ಲಿ ಸಂಜೆ ಏಳು ಗಂಟೆ ಎಂದರೆ ಇಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಏಳು. ಮಕ್ಕಳ ಊಟದ ಡಬ್ಬಿ ತುಂಬುತ್ತಾ, ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲಿಟ್ಟು ಏಷ್ಯನ್ ಗೇಮ್ಸ್ ನೋಡಿದ ಮನೆಗಳಲ್ಲಿ ನಮ್ಮದೂ ಒಂದು. ಪಾರುಲ್ ಚೌಧರಿ 5000 ಮೀಟರ್ ಓಟದ ಕೊನೆಯ ಕೆಲವೇ ಮೀಟರುಗಳಲ್ಲಿ ಜಪಾನಿನ ಓಟಗಾರ್ತಿಯನ್ನು ಹಿಂದಿಕ್ಕಿ ಚಿನ್ನ ಗೆದ್ದದ್ದನ್ನು ಈಗಲೂ ಆಗಾಗ ಹಾಕಿಕೊಂಡು ನೋಡುತ್ತೇವೆ.

ಆ ಸಲ ಭಾರತಕ್ಕೆ ಬಂದದ್ದು 28 ಚಿನ್ನ, 38 ಬೆಳ್ಳಿ, 41 ಕಂಚು. ಒಟ್ಟು 107 ಪದಕ, ನಾಲ್ಕನೇ ಸ್ಥಾನ. ನೂರರ ಗಡಿ ದಾಟಿದ್ದು ಅದೇ ಮೊದಲು. ನೂರನೆಯ ಪದಕ ತಂದವರು ನಮ್ಮ ಮಹಿಳಾ ಕಬಡ್ಡಿ ತಂಡದವರು, ಅದೂ ಫೈನಲ್‌ನಲ್ಲಿ ತೈವಾನ್ ತಂಡವನ್ನು ಒಂದೇ ಒಂದು ಅಂಕದಿಂದ ಸೋಲಿಸಿ!

ಆದರೆ ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕಿದ್ದು ಆರು ಪದಕ, ಚಿನ್ನ ಒಂದೂ ಇಲ್ಲ. ಆಗ ಮನೆಯಲ್ಲಿ ಮಗ ಕೇಳಿದ, "ಅಪ್ಪಾ, ಆ 107 ಎಲ್ಲಿ ಹೋಯ್ತು?" ಶಾಲೆಯಲ್ಲಿ ಗೆಳೆಯರ ಮುಂದೆ ಭಾರತದ ಪರ ಮಾತಾಡುವವನು ಅವನು. ತಮಾಷೆಯ ಉತ್ತರ ಕೊಟ್ಟು ಜಾರಿಕೊಳ್ಳುವಂತಿರಲಿಲ್ಲ. ಆದ್ದರಿಂದ ಇಬ್ಬರೂ ಕೂತು ಲೆಕ್ಕ ಮಾಡಿದೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪಟ್ಟಿಯ ನಿಯಮ

ಮೊದಲು ಪದಕ ಪಟ್ಟಿಯ ವಿಷಯ. ಹಾಂಗ್‌ಝೌನಲ್ಲಿ ದಕ್ಷಿಣ ಕೊರಿಯಾ ಗೆದ್ದದ್ದು 190 ಪದಕ, ಜಪಾನ್ 188. ಆದರೂ ಜಪಾನ್ ಎರಡನೇ ಸ್ಥಾನದಲ್ಲಿ, ಕೊರಿಯಾ ಮೂರನೇ ಸ್ಥಾನದಲ್ಲಿ. ಕಾರಣ ಸರಳ: ಪಟ್ಟಿಯನ್ನು ಮೊದಲು ಚಿನ್ನದ ಮೇಲೆ ಜೋಡಿಸುತ್ತಾರೆ, ಸಮ ಬಂದರೆ ಬೆಳ್ಳಿ, ಆಮೇಲೆ ಕಂಚು. ಜಪಾನಿಗೆ 52 ಚಿನ್ನ, ಕೊರಿಯಾಕ್ಕೆ 42. ನಿಘಂಟಿನಲ್ಲಿ ಪದಗಳನ್ನು ಮೊದಲ ಅಕ್ಷರ ನೋಡಿ ಜೋಡಿಸುತ್ತಾರಲ್ಲ, ಹಾಗೆಯೇ ಇದು. ಇನ್ನು ಮೊದಲ ಸ್ಥಾನದ ಚೀನಾ ಗೆದ್ದ ಚಿನ್ನವೇ 201! ನಾಲ್ಕನೇ ಸ್ಥಾನ ಹೆಮ್ಮೆಯದೇ, ಆದರೆ ಮೇಲಿನವರೊಂದಿಗಿನ ಅಂತರವನ್ನೂ ನೋಡಬೇಕು.

ಪಟ್ಟಿ ಕ್ರೀಡಾಕೂಟ ಮುಗಿದ ಮೇಲೂ ಬದಲಾಗುತ್ತದೆ. 2018ರ ಜಕಾರ್ತಾ ಕೂಟದಲ್ಲಿ ಮಿಶ್ರ ರಿಲೇ ಗೆದ್ದಿದ್ದ ಬಹ್ರೇನ್ ತಂಡದ ಓಟಗಾರ್ತಿಯೊಬ್ಬರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಕಾರಣ, ಭಾರತದ ಬೆಳ್ಳಿ ಚಿನ್ನವಾಯಿತು. ಆ ತಂಡದಲ್ಲಿ ನಮ್ಮ ಮಂಗಳೂರಿನ ಪೂವಮ್ಮ ಇದ್ದರು. ಹೀಗೆ ಜಕಾರ್ತಾದ ನಮ್ಮ ಲೆಕ್ಕ 16 ಚಿನ್ನ, ಒಟ್ಟು 70 ಪದಕ ಎಂದಾಯಿತು.

28 ಚಿನ್ನಗಳನ್ನು ಬಿಡಿಸಿದರೆ

ಈಗ ಮಗನ ಪ್ರಶ್ನೆಗೆ ಬರೋಣ. 28 ಚಿನ್ನಗಳನ್ನು ಆಟಗಳ ಪ್ರಕಾರ ಬಿಡಿಸಿದೆವು: ಶೂಟಿಂಗ್ 7, ಅಥ್ಲೆಟಿಕ್ಸ್ 6, ಬಿಲ್ಲುಗಾರಿಕೆ 5, ಕಬಡ್ಡಿ, ಕ್ರಿಕೆಟ್ ಮತ್ತು ಸ್ಕ್ವಾಷ್ ತಲಾ 2, ಹಾಕಿ, ಟೆನಿಸ್, ಬ್ಯಾಡ್ಮಿಂಟನ್ ಮತ್ತು ಕುದುರೆ ಸವಾರಿ ತಲಾ 1.

ಇವುಗಳಲ್ಲಿ ಪ್ಯಾರಿಸ್‌ನಲ್ಲಿ ಇಲ್ಲದಿದ್ದವು ಯಾವುವು? ಕಬಡ್ಡಿ, ಕ್ರಿಕೆಟ್, ಸ್ಕ್ವಾಷ್ ಇರಲಿಲ್ಲ. ಬಿಲ್ಲುಗಾರಿಕೆಯ ಐದೂ ಚಿನ್ನ ಬಂದದ್ದು ಕಾಂಪೌಂಡ್ ಬಿಲ್ಲಿನಲ್ಲಿ, ಅಂದರೆ ತುದಿಗಳಲ್ಲಿ ರಾಟೆಯಂಥ ಚಕ್ರಗಳಿರುವ ಬಿಲ್ಲಿನಲ್ಲಿ. ಅದೂ ಪ್ಯಾರಿಸ್‌ನಲ್ಲಿ ಇರಲಿಲ್ಲ. ಶೂಟಿಂಗ್‌ನ ಏಳರಲ್ಲಿ ಐದು ಚಿನ್ನ ಮೂವರ ತಂಡಗಳ ಸ್ಪರ್ಧೆಯವು. ಅವೂ ಇರಲಿಲ್ಲ. ಕೂಡಿಸಿ ನೋಡಿ, 28ರಲ್ಲಿ 16 ಚಿನ್ನಗಳ ಸ್ಪರ್ಧೆಗಳೇ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ! ಉಳಿದ 12ರಲ್ಲಿ ಎದುರಾದವರು ಏಷ್ಯಾದವರಷ್ಟೇ ಅಲ್ಲ, ಇಡೀ ಜಗತ್ತಿನವರು.

ಹಾಗಾದರೆ ಆ 16 ಚಿನ್ನ ಸುಮ್ಮನೆ ಬಂದವೇ? ಖಂಡಿತ ಇಲ್ಲ. ಹಾಂಗ್‌ಝೌನಲ್ಲಿ ಶೂಟಿಂಗ್ ತಂಡದ ಚಿನ್ನ ಗೆದ್ದವರಲ್ಲಿ ಮನು ಭಾಕರ್, ಸರಬ್ಜೋತ್ ಸಿಂಗ್, ಸ್ವಪ್ನಿಲ್ ಕುಸಾಳೆ ಇದ್ದರು. ಮರುವರ್ಷ ಪ್ಯಾರಿಸ್‌ನಲ್ಲಿ ಭಾರತಕ್ಕೆ ಶೂಟಿಂಗ್ ಕಂಚುಗಳನ್ನು ತಂದವರೂ ಇವರೇ. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ಪುರುಷರ ಹಾಕಿ ತಂಡ ನೇರವಾಗಿ ಪ್ಯಾರಿಸ್‌ಗೆ ಅರ್ಹತೆ ಪಡೆದು, ಅಲ್ಲಿ ಕಂಚು ಗೆದ್ದಿತು. ನೀರಜ್ ಚೋಪ್ರಾ ಇಲ್ಲಿ ಚಿನ್ನ, ಅಲ್ಲಿ ಬೆಳ್ಳಿ. ಅಂದರೆ ಏಷ್ಯನ್ ಗೇಮ್ಸ್ ಒಂದು ಮೆಟ್ಟಿಲು. ಎಲ್ಲರೂ ಮುಂದಿನ ಮೆಟ್ಟಿಲು ಹತ್ತುವುದಿಲ್ಲ, ಆದರೆ ಹತ್ತಿದವರಲ್ಲಿ ಹೆಚ್ಚಿನವರು ಈ ಮೆಟ್ಟಿಲ ಮೇಲೇ ಕಾಲಿಟ್ಟು ಹೋದವರು.

ಆಟಗಳ ಪಟ್ಟಿ ಬದಲಾದರೆ ಪದಕಗಳೂ ಬದಲಾಗುತ್ತವೆ. ಬೆಂಗಳೂರಿನ ಪಂಕಜ್ ಅಡ್ವಾಣಿ 2006 ಮತ್ತು 2010ರಲ್ಲಿ ಬಿಲಿಯರ್ಡ್ಸ್ ಚಿನ್ನ ಗೆದ್ದರು. ಮುಂದಿನ ಮೂರು ಕೂಟಗಳಲ್ಲಿ ಆ ಆಟವೇ ಇರಲಿಲ್ಲ. ಇನ್ನೊಂದೆಡೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್, ಸ್ಕ್ವಾಷ್ ಮತ್ತು ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆ ಸೇರಿಕೊಂಡಿವೆ.

ಎಲ್ಲಿಂದ ಎಲ್ಲಿಗೆ

ಮೊದಲ ಏಷ್ಯನ್ ಗೇಮ್ಸ್ ನಡೆದದ್ದು 1951ರಲ್ಲಿ, ದೆಹಲಿಯಲ್ಲಿ. ಹನ್ನೊಂದು ದೇಶಗಳ ಆ ಕೂಟದಲ್ಲಿ ಭಾರತ 15 ಚಿನ್ನ ಗೆದ್ದು ಜಪಾನಿನ ನಂತರ ಎರಡನೇ ಸ್ಥಾನ ಪಡೆಯಿತು. 1986ರ ಸೋಲ್ ಕೂಟದ ಐದು ಚಿನ್ನಗಳಲ್ಲಿ ನಾಲ್ಕರಲ್ಲಿ ಪಿ.ಟಿ. ಉಷಾ ಅವರ ಓಟವಿತ್ತು. 1990ರ ಬೀಜಿಂಗ್‌ನಲ್ಲಂತೂ ಸಿಕ್ಕಿದ್ದು ಒಂದೇ ಚಿನ್ನ, ಕಬಡ್ಡಿಯದು. ಅಲ್ಲಿಂದ 28ಕ್ಕೆ ಬರಲು 33 ವರ್ಷ ಬೇಕಾಯಿತು. 2014ರಲ್ಲಿ ಕೇಂದ್ರ ಸರ್ಕಾರ ಆಯ್ದ ಕ್ರೀಡಾಪಟುಗಳಿಗೆ ತರಬೇತಿ, ವಿದೇಶ ಪ್ರವಾಸ ಮತ್ತು ಮಾಸಿಕ ಭತ್ಯೆ ಕೊಡುವ ಯೋಜನೆ ಆರಂಭಿಸಿತು. ಖಾಸಗಿ ತರಬೇತಿ ಕೇಂದ್ರಗಳೂ ಬಂದವು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವುದು ಅವುಗಳಲ್ಲಿ ಒಂದು.

ನಮ್ಮವರು

ಹಾಂಗ್‌ಝೌನಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ಬೆಳ್ಳಿ ಪಡೆದು, ಏಷ್ಯನ್ ಗೇಮ್ಸ್ ಗಾಲ್ಫ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಬೆಂಗಳೂರಿನವರೇ ಆದ ದಿವ್ಯಾ ಶೂಟಿಂಗ್‌ನಲ್ಲಿ ಎರಡು ಬೆಳ್ಳಿ ತಂದರು. ಕ್ರಿಕೆಟ್ ಚಿನ್ನ ಗೆದ್ದ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದ್ದರು. ಅದಕ್ಕೂ ಮೊದಲು, 2010ರ ಗುವಾಂಗ್‌ಝೌನಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಎರಡು ಚಿನ್ನ ಗೆದ್ದಿದ್ದರು.

ನಮ್ಮಂಥವರಿಗೆ ಇನ್ನೂ ಹತ್ತಿರದ ಹೆಸರು ವಿಕಾಸ್ ಗೌಡ. ಮೈಸೂರಿನಲ್ಲಿ ಹುಟ್ಟಿ, ಇಲ್ಲೇ ಮೇರಿಲ್ಯಾಂಡಿನಲ್ಲಿ ಬೆಳೆದು, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಡಿಸ್ಕಸ್ ಎಸೆದವರು. ಭಾರತಕ್ಕಾಗಿ ಏಷ್ಯನ್ ಗೇಮ್ಸ್‌ನಲ್ಲಿ 2010ರಲ್ಲಿ ಕಂಚು, 2014ರಲ್ಲಿ ಬೆಳ್ಳಿ ಗೆದ್ದರು.

ಇದನ್ನು ಓದಿ ಹೇಳುವಾಗ ಮಗ ಸುಮ್ಮನಿರಲಿಲ್ಲ. ಆ ವರ್ಷ ಶನಿವಾರದ ಗಣಿತ ತರಗತಿಗೆ ಅಡ್ಡಿಯಾಗುತ್ತದೆಂದು ಅವನನ್ನು ಶಾಲೆಯ ಓಟದ ತಂಡದಿಂದ ಬಿಡಿಸಿದ್ದೆವು. "ಅವರೆಲ್ಲಾ ಓಡಬೇಕು, ನಾನು ಮಾತ್ರ ಬಿಡಬೇಕಾ?" ಎಂದ. ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ. 107 ಪದಕಗಳಿಗೆ ಚಪ್ಪಾಳೆ ತಟ್ಟುವವರು ನಾವೇ, ಮಕ್ಕಳ ಬೂಟು ಎತ್ತಿಡುವವರೂ ನಾವೇ! ಎಲ್ಲ ಮಕ್ಕಳೂ ವಿಕಾಸ್ ಗೌಡ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರ ಮನೆಯಲ್ಲೂ ಒಂದು ದಿನ ಇಂಥದೇ ಶನಿವಾರ ಬಂದಿರಬೇಕಲ್ಲವೇ?

ಗಣಿತ ತರಗತಿಯನ್ನು ಭಾನುವಾರಕ್ಕೆ ಬದಲಾಯಿಸಿಕೊಂಡೆವು. ಮಗ ಮತ್ತೆ ಓಡುತ್ತಿದ್ದಾನೆ, ಸದ್ಯಕ್ಕೆ ಕೊನೆಯಿಂದ ಮೂರನೆಯವನಾಗಿ.

ಹಾಂಗ್‌ಝೌ ನಂತರದ ಕೂಟಕ್ಕೆ ಆಯ್ಕೆಯಾದ ತಾಣ ಜಪಾನಿನ ಐಚಿ-ನಗೋಯಾ. ಆ ಪದಕ ಪಟ್ಟಿ ಕೈಗೆ ಬಂದಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವರು ಕೇಳುವ ಪ್ರಶ್ನೆಗೆ ಮಾತ್ರ ಸಿದ್ಧರಾಗಿರಿ!