ಒಂದು ಕಲಮಿನ ಜಾತಕ

ಕಾನೂನು ಕಾಲೇಜಿನಲ್ಲಿ ಬೌದ್ಧಿಕ ಆಸ್ತಿ ಒಂದು ವಿಷಯ, ಸ್ಪರ್ಧಾ ಕಾನೂನು ಇನ್ನೊಂದು, ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಮೇಷ್ಟ್ರು, ಬೇರೆ ಬೇರೆ ಪರೀಕ್ಷೆ. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಡಿ) ಓದಲು ಕೂತರೆ ಈ ಗೋಡೆಗಳು ನಿಲ್ಲುವುದಿಲ್ಲ.

ಅದರ ಬೇರು 1959ರಲ್ಲಿದೆ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಪೇಟೆಂಟ್ ಕಾನೂನಿನ ಬಗ್ಗೆ ವರದಿ ಕೊಟ್ಟ ವರ್ಷ ಅದು. ಇಲ್ಲಿನ ಪೇಟೆಂಟುಗಳಲ್ಲಿ ಶೇ 80ರಿಂದ 90ರಷ್ಟು ವಿದೇಶಿಯರವು, ಅವುಗಳಲ್ಲಿ ಶೇ 90ಕ್ಕೂ ಹೆಚ್ಚು ಇಲ್ಲಿ ಬಳಕೆಗೇ ಬಂದಿಲ್ಲ ಎಂದು ಅವರು ಲೆಕ್ಕ ತೆಗೆದರು. ತಾವು ತಯಾರಿಸುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಅತ್ತ ಅಮೆರಿಕದ ಸೆನೆಟ್‌ನಲ್ಲಿ ಎಸ್ಟಿಸ್ ಕೆಫಾವರ್ ನೇತೃತ್ವದ ಏಕಸ್ವಾಮ್ಯ ವಿರೋಧಿ ಉಪಸಮಿತಿ ಔಷಧಗಳ ಬೆಲೆ ಕೆದಕಿದಾಗ, ಅತಿ ದುಬಾರಿ ದೇಶಗಳ ಸಾಲಿನಲ್ಲಿ ಸಿಕ್ಕಿದ್ದು ಬಡ ಭಾರತ!

1970ರ ಕಾಯ್ದೆ ಔಷಧಕ್ಕೆ ಪೇಟೆಂಟ್ ನಿಲ್ಲಿಸಿ, ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಬೇರೆ ದಾರಿಯಲ್ಲಿ ಅದೇ ಗುಳಿಗೆ ಮಾಡಿದರೆ ತಪ್ಪಿಲ್ಲ. ಕಂಪನಿಗಳು ಪೈಪೋಟಿಗೆ ಬಿದ್ದವು, ಬೆಲೆ ಇಳಿಯಿತು. 2001ರಲ್ಲಿ ಸಿಪ್ಲಾ ಎಚ್‌ಐವಿ ಔಷಧಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಾಗ, ಪಶ್ಚಿಮದ ಬೆಲೆ 10,000 ಡಾಲರ್ ದಾಟಿತ್ತು.

ಆದರೆ 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಟ್ರಿಪ್ಸ್ ಒಪ್ಪಂದದ ಪ್ರಕಾರ ಔಷಧಕ್ಕೂ 20 ವರ್ಷದ ಪೇಟೆಂಟ್ ಕೊಡಲೇಬೇಕು. ಭಾರತಕ್ಕೆ 2005ರ ಜನವರಿ 1ರವರೆಗೆ ಗಡುವು. ಅಲ್ಲಿಯವರೆಗೆ ಔಷಧ ಪೇಟೆಂಟ್ ಅರ್ಜಿಗಳನ್ನು ಸ್ವೀಕರಿಸಿಡುವ ಏರ್ಪಾಟನ್ನೂ ಸರಿಯಾಗಿ ಮಾಡಲಿಲ್ಲವೆಂದು ಅಮೆರಿಕ ಆ ಸಂಸ್ಥೆಯಲ್ಲಿ ದೂರು ಕೊಟ್ಟು 1997ರಲ್ಲಿ ಗೆದ್ದಿತು.

2004ರ ಡಿಸೆಂಬರಿನಲ್ಲಿ ಪೇಟೆಂಟ್ ತಿದ್ದುಪಡಿಯ ಸುಗ್ರೀವಾಜ್ಞೆ ಬಂತು. ಅದನ್ನು ಕಾಯ್ದೆ ಮಾಡಲು ಯುಪಿಎ ಸರ್ಕಾರಕ್ಕೆ ಎಡಪಕ್ಷಗಳ ಮತ ಬೇಕಿತ್ತು. ಆ ಚೌಕಾಸಿಯಲ್ಲಿ ಮೂಡಿದ್ದೇ ಇಂದಿನ 3(ಡಿ): ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚದ ಹೊರತು, ಪೇಟೆಂಟ್ ಇಲ್ಲ. ಮುಂದೆ ಬಂದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಿಂದಕ್ಕೆ ಓದುವ ವಿದ್ಯಾರ್ಥಿಗೆ ಇದು ತತ್ವದಂತೆ ಕಾಣುತ್ತದೆ. ನನಗೆ ಕಾಣುವುದು ಲೋಕಸಭೆಯ ಸಂಖ್ಯಾಬಲ. ಅದರಿಂದ ಕಲಮಿನ ಬೆಲೆಯೇನೂ ಕಡಿಮೆಯಾಗದು.

ಆ ತೀರ್ಪು ಔಷಧ ಕಂಪನಿ ನೊವಾರ್ಟಿಸ್‌ನ ಪ್ರಕರಣದ್ದು. ರಕ್ತ ಕ್ಯಾನ್ಸರಿಗೆ ಅದು ಮಾರುತ್ತಿದ್ದ ಗ್ಲಿವೆಕ್ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು, ಇಲ್ಲಿನ ಜೆನೆರಿಕ್ ಸುಮಾರು 10,000. ಔಷಧದ ಹೊಸ ಸ್ಫಟಿಕ ರೂಪಕ್ಕೆ ಪೇಟೆಂಟ್ ಕೇಳಿದ ಕಂಪನಿ, ಅದು ದೇಹಕ್ಕೆ ಶೇ 30ರಷ್ಟು ಹೆಚ್ಚು ದಕ್ಕುತ್ತದೆ ಎಂದು ವಾದಿಸಿತು. ದಕ್ಕಿದರೆ ಸಾಲದು, ರೋಗ ಹೆಚ್ಚು ಗುಣವಾಗುತ್ತದೆಂದು ತೋರಿಸಿ ಎಂದಿತು ಸುಪ್ರೀಂ ಕೋರ್ಟ್. 2013ರ ಏಪ್ರಿಲ್ 1ರಂದು ಅರ್ಜಿ ವಜಾ ಆಯಿತು.

ಬೇರೆ ದೇಶಗಳ ಬೌದ್ಧಿಕ ಆಸ್ತಿ ಕಾನೂನನ್ನು ತೂಗುವ ಅಮೆರಿಕದ ‘ಸ್ಪೆಷಲ್ 301’ ವರದಿ ಈ ಕಲಮಿನ ಮೇಲೆ ಇಂದಿಗೂ ತಕರಾರು ಎತ್ತುತ್ತದೆ. ಫಿಲಿಪ್ಪೀನ್ಸ್ ಮಾತ್ರ ತೀರ್ಪಿಗೂ ಕಾಯದೆ, 2008ರ ತನ್ನ ಅಗ್ಗದ ಔಷಧ ಕಾಯ್ದೆಯಲ್ಲಿ ಹೆಚ್ಚುಕಡಿಮೆ ಇದೇ ಒಕ್ಕಣೆಯನ್ನು ಸೇರಿಸಿಕೊಂಡಿತು.