ಮಗುವಿನ ಕೈಗೆ ಟಾನಿಕ್ ಬೇಡ, ಕೆಲಸ ಕೊಡಿ

ಕಳೆದ ಸಂಕ್ರಾಂತಿಯ ಆಸುಪಾಸಿನ ಮಾತು. ಹೊನ್ನಾಳಿಯ ನನ್ನ ಚಿಕಿತ್ಸಾಲಯಕ್ಕೆ ಹತ್ತಿರದ ಹಳ್ಳಿಯಿಂದ ನಾಲ್ಕು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಮತ್ತು ಅಜ್ಜಿ ಕರೆತಂದಿದ್ದರು. ಹುಡುಗನಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಹಸಿವೆಗೂ ಕೊರತೆಯಿಲ್ಲ. ತಾಯಿ ಚೀಲದಿಂದ ಶಾಲೆಯ ಡೈರಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮಗು ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ, ಬರೆಯುವುದರಲ್ಲಿ ಹಿಂದೆ ಬಿದ್ದಿದೆ ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು.

"ಕೈಗೆ ಶಕ್ತಿ ಬರೋ ಹಂಗೆ ಏನಾದ್ರೂ ಟಾನಿಕ್ ಬರ್ಕೊಡ್ರಿ ಡಾಕ್ಟ್ರೇ" ಎಂದರು ತಾಯಿ.

ಪರೀಕ್ಷಿಸಿದೆ. ಕಣ್ಣು, ಕಿವಿ, ಕೈಕಾಲಿನ ಬಲ ಎಲ್ಲವೂ ಸರಿಯಾಗಿದ್ದವು. ಒಂದು ಹಳೆಯ ಕಾಗದ ಕೊಟ್ಟು "ಹರಿ ನೋಡೋಣ" ಎಂದೆ. ಹುಡುಗ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಅಜ್ಜಿಯ ಮುಖ ನೋಡಿದ. ಅಂಗಿಯ ಗುಂಡಿ ಬಿಚ್ಚಲು ಹೇಳಿದಾಗ ಕೈ ಇಳಿಬಿಟ್ಟು ನಿಂತ. ಆ ಕೆಲಸ ಯಾವಾಗಲೂ ತಾಯಿಯದಂತೆ. ಆದರೆ ತಾಯಿಯ ಮೊಬೈಲ್ ಕೈಗೆ ಬಂದದ್ದೇ ತಡ, ಒಂದೇ ಬೆರಳಿನಲ್ಲಿ ತನಗೆ ಬೇಕಾದ ಚಿತ್ರ ಹುಡುಕಿಕೊಂಡ.

"ಅಜ್ಜೀ, ಮನೇಲಿ ನಿಮ್ಮ ಜೊತೆ ಏನೇನು ಮಾಡ್ತಾನೆ?" ಎಂದು ಕೇಳಿದೆ.

"ಏನೂ ಮಾಡ್ಸಲ್ರಿ. ನಾನು ಅವರೆಕಾಯಿ ಬಿಡ್ಸಾಕೆ ಕುಂತ್ರೆ ಹತ್ರ ಬರ್ತಾನೆ. ಅಂಗಿ ಹೊಲಸಾಗ್ತತಿ ಅಂತ ಮೊಬೈಲ್ ಕೊಟ್ಟು ಕುಂದ್ರಿಸ್ತೀವಿ" ಎಂದರು ಆಕೆ.

ಹತ್ತು ವರ್ಷಗಳ ಹಿಂದಾಗಿದ್ದರೆ ನಾನೂ ಒಂದು ಟಾನಿಕ್ ಬರೆದು ಕಳಿಸುತ್ತಿದ್ದೆನೇನೋ. ಅಂದು ಚೀಟಿಯಲ್ಲಿ, 'ದಿನಾ ಸಂಜೆ ಅರ್ಧ ಗಂಟೆ ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುವುದು. ಅಂಗಿ ಹೊಲಸಾದರೆ ಚಿಂತೆಯಿಲ್ಲ' ಎಂದು ಬರೆದುಕೊಟ್ಟೆ. ತಾಯಿ ಅರ್ಧ ನಂಬಿಕೆ, ಅರ್ಧ ಅನುಮಾನದಿಂದಲೇ ಚೀಟಿ ಮಡಚಿಕೊಂಡು ಹೋದರು.

ಕೈ ಬೆಳೆಯುವ ಬಗೆ

ಮಗು ಬರೆಯಲು ಕಲಿಯುವುದು ಪೆನ್ಸಿಲ್ ಹಿಡಿದ ದಿನದಿಂದಲ್ಲ. ಒಂಬತ್ತು ಹತ್ತು ತಿಂಗಳಲ್ಲಿ ಅದು ಹೆಬ್ಬೆರಳು ಮತ್ತು ತೋರುಬೆರಳಿನಿಂದ ನೆಲದ ಮೇಲಿನ ಅನ್ನದ ಅಗುಳನ್ನು ಎತ್ತಲು ಕಲಿಯುತ್ತದಲ್ಲ, ಬರವಣಿಗೆಯ ಮೊದಲ ಪಾಠ ಅದೇ. ಸುಮಾರು ಒಂದೂವರೆ ವರ್ಷಕ್ಕೆ ಮೂರು ನಾಲ್ಕು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆ, ಎರಡು ವರ್ಷಕ್ಕೆ ಆರು ಇಡುತ್ತದೆ. ಮೂರು ವರ್ಷಕ್ಕೆ ನೋಡಿಕೊಂಡು ಸೊನ್ನೆ ಬರೆಯುತ್ತದೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದಕ್ಕೆ ತ್ರಿಕೋನ. ಒಂದೆರಡು ತಿಂಗಳು ಹಿಂದೆ ಮುಂದೆ ಆಗುವುದು ಸಹಜ.

ಇನ್ನೊಂದು ಸಂಗತಿ ಬಹಳ ಪಾಲಕರಿಗೆ ತಿಳಿದಿರುವುದಿಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆತ್ತನೆಯ ಮೃದ್ವಸ್ಥಿಯೇ. ಒಂದೊಂದಾಗಿ ಗಟ್ಟಿಯಾಗುತ್ತ ಬರುವ ಈ ಮೂಳೆಗಳಲ್ಲಿ ನಾಲ್ಕನೆಯ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮೂರು ನಾಲ್ಕರಲ್ಲಿ ಮಾತ್ರ ಮೂಳೆ ಕಟ್ಟಲು ಆರಂಭವಾಗಿರುತ್ತದೆ. ಕೊನೆಯದರ ಸರದಿ ಬರುವುದು 9ರಿಂದ 12ನೆಯ ವಯಸ್ಸಿನಲ್ಲಿ. ಇಂಥ ಕೈಗೆ ಪುಟಗಟ್ಟಲೆ ಕಾಪಿ ಬರೆಸುವುದರಿಂದ ಮಗುವಿಗೆ ಕೈನೋವು, ಪುಸ್ತಕದ ಮೇಲೆ ಬೇಸರ ಎರಡೂ ಬರುತ್ತವೆ. ಮೊದಲು ಹಿಸುಕುವುದು, ಹರಿಯುವುದು, ಚಿವುಟುವುದು, ಸುರಿಯುವುದು ಚೆನ್ನಾಗಿ ಬರಲಿ. ಬರವಣಿಗೆ ಅದರ ಹಿಂದೆಯೇ ಬರುತ್ತದೆ. ಎಡಗೈ ಬಳಸುವ ಮಗುವನ್ನು ಗದರಿಸಿ ಬಲಗೈಗೆ ತಿರುಗಿಸುವ ಅಭ್ಯಾಸವನ್ನೂ ಬಿಡಬೇಕು.

ಮಾತಿಗೂ ಇದೇ ನಿಯಮ. ಮಗು ಮಾತು ಕಲಿಯುವುದು ತನ್ನ ಮುಖ ನೋಡಿ ಮಾತನಾಡುವವರಿಂದ, ತನ್ನ ತೊದಲಿಗೆ ಉತ್ತರ ಕೊಡುವವರಿಂದ. ಮೊಬೈಲ್ ಎಷ್ಟು ಹಾಡಿದರೂ ಮಗುವಿನ ತೊದಲಿಗೆ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದ ಮಗು ದಿನದಲ್ಲಿ ಒಟ್ಟು ಮೂರು ಗಂಟೆಯಾದರೂ ಓಡಾಡಿಕೊಂಡು ಆಡಬೇಕು, 10ರಿಂದ 13 ಗಂಟೆ ನಿದ್ದೆ ಮಾಡಬೇಕು.

ಅಡುಗೆಮನೆಯೇ ಪಾಠಶಾಲೆ

'ನಮಗೆ ಪುರುಸೊತ್ತೆಲ್ಲಿದೆ ಡಾಕ್ಟ್ರೇ' ಎನ್ನುತ್ತೀರಿ. ನಿಜ. ಆದ್ದರಿಂದ ಬೇರೆ ಸಮಯ ತೆಗೆದಿಡಬೇಕಾದ, ಅಂಗಡಿಗೆ ಹೋಗಬೇಕಾದ ಯಾವುದನ್ನೂ ನಾನು ಇಲ್ಲಿ ಹೇಳುವುದಿಲ್ಲ. ನಿಮ್ಮ ಕೆಲಸದ ಪಕ್ಕದಲ್ಲೇ ಮಗುವಿಗೂ ಒಂದು ಕೆಲಸ ಕೊಟ್ಟರಾಯಿತು.

ರೊಟ್ಟಿ ತಟ್ಟುವಾಗ ನಿಂಬೆಹಣ್ಣಿನ ಗಾತ್ರದ ಹಿಟ್ಟನ್ನು ಮಗುವಿನ ಕೈಗೆ ಕೊಡಿ. ಒಲೆಯಿಂದ ದೂರ ಕುಳಿತು ಅದು ಉಂಡೆ ಮಾಡಲಿ, ಹಾವು ಹೊಸೆಯಲಿ, ತಟ್ಟಲಿ. ಆಕಾರ ಹೇಗೇ ಬಂದರೂ ಆ ರೊಟ್ಟಿಯನ್ನು ಬೇಯಿಸಿ ಅದಕ್ಕೇ ತಿನ್ನಿಸಿ.

ಮೂರು ವರ್ಷ ದಾಟಿದ ಮಗುವಾದರೆ ಅಲಸಂದೆ, ಹೆಸರು, ಕಡಲೆ ಮೂರನ್ನೂ ಒಂದೊಂದು ಹಿಡಿ ಬೆರೆಸಿ, ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬೇರೆಬೇರೆ ಮಾಡಿಸಿ. ಕಣ್ಣಿಗೂ ಬೆರಳಿಗೂ ಇದಕ್ಕಿಂತ ಒಳ್ಳೆಯ ವ್ಯಾಯಾಮ ಬೇಕಿಲ್ಲ. 'ಇದರಲ್ಲಿ ಎಷ್ಟು? ಅದರಲ್ಲಿ ಎಷ್ಟು? ಯಾವುದು ಹೆಚ್ಚು?' ಎಂದು ಕೇಳುತ್ತ ಹೋದರೆ ಲೆಕ್ಕವೂ ಆಯಿತು. ನಮ್ಮ ಕಡೆ ಮೆಕ್ಕೆಜೋಳಕ್ಕೇನು ಬರವೇ? ಒಣಗಿದ ತೆನೆಯ ಒಂದೆರಡು ಸಾಲು ನೀವು ಬಿಡಿಸಿಕೊಟ್ಟರೆ ಉಳಿದದ್ದನ್ನು ಮಗು ಹೆಬ್ಬೆರಳಿನಿಂದ ಒತ್ತಿ ಉದುರಿಸುತ್ತದೆ. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಬರುವುದು ಇಂಥ ಕೆಲಸದಿಂದಲೇ.

ಸ್ನಾನದ ಮನೆಯಲ್ಲಿ ಒಂದು ಚೊಂಬು, ಎರಡು ಲೋಟ ಸಾಕು. ಚೆಲ್ಲದಂತೆ ಒಂದರಿಂದ ಇನ್ನೊಂದಕ್ಕೆ ನೀರು ಸುರಿಯುವುದರಲ್ಲಿ ಎರಡು ವರ್ಷದ ಮಗು ಕಾಲು ಗಂಟೆ ಮೈಮರೆಯುತ್ತದೆ. ಒಣಗಿದ ಬಟ್ಟೆ ಮಡಚುವಾಗ ಕರವಸ್ತ್ರಗಳು ಅದರ ಪಾಲಿಗಿರಲಿ. ಹಗ್ಗಕ್ಕೆ ಹಾಕುವ ಕ್ಲಿಪ್ಪನ್ನು ಒತ್ತಿ ಬಿಡುವುದೂ ಬೆರಳಿಗೆ ಕಸರತ್ತೇ.

ಬೆಂಡೆಕಾಯಿಯ ತೊಟ್ಟಿನ ಕಡೆಯ ತುಂಡನ್ನು ಬಿಸಾಡಬೇಡಿ. ಅರಿಸಿನದ ನೀರಿನಲ್ಲೋ ಬೀಟ್‌ರೂಟ್ ರಸದಲ್ಲೋ ಅದ್ದಿ ಕಾಗದದ ಮೇಲೆ ಒತ್ತಿದರೆ ಹೂವು ಮೂಡುತ್ತದೆ. ಬಾಗಿಲ ಮುಂದೆ ರಂಗೋಲಿ ಹಾಕುವಾಗ ಚುಕ್ಕಿ ನಿಮ್ಮದು, ಗೆರೆ ಮಗುವಿನದು. ಸೊಟ್ಟಗಾದರೆ ಅಳಿಸಬೇಡಿ.

ಅಂಗಳದಲ್ಲಿ, ತೋಟದಲ್ಲಿ

ಜ್ಯೇಷ್ಠ ಮಾಸದಲ್ಲಿ ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಿ. ಮಕ್ಕಳು ಜೇಡಿಮಣ್ಣಿನಲ್ಲಿ ಎತ್ತು ಮಾಡುತ್ತಿದ್ದರು, ಕೋಡು ಮುರಿದರೆ ನೀರು ಹಚ್ಚಿ ಕೂಡಿಸುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಸಂತೆಯಿಂದ ತಂದ ಎತ್ತುಗಳಿಗೆ ಪೂಜೆ ನಡೆಯುತ್ತದೆ. ಪೂಜೆಗೆ ಕೊಂಡದ್ದೇ ಇರಲಿ, ಜೊತೆಗೆ ಮಗುವಿನ ಕೈಯದೂ ಒಂದಿರಲಿ. ಮಣ್ಣಾಟಕ್ಕೆ ಹಬ್ಬವೇ ಬರಬೇಕೆಂದಿಲ್ಲ. ಹೊಳೆದಂಡೆಗೆ ಮಾತ್ರ ಮಕ್ಕಳನ್ನೇ ಕಳಿಸಬೇಡಿ. ಮಣ್ಣನ್ನು ನೀವೇ ತನ್ನಿ.

ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ತೋಟದವರಿಗೆ ಹಾಳೆಯಾಟ ಹೇಳಿಕೊಡಬೇಕಿಲ್ಲ. ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆ ಆಟದಲ್ಲಿ ಕೂತವರಿಗೆ ಮೈಯ ಸಮತೋಲನ, ಎಳೆಯುವವರಿಗೆ ಬಲ. ತೆಂಗಿನ ಗರಿಯಿಂದ ಪೀಪಿ, ಕೈಗಡಿಯಾರ ಮಾಡುವುದು ನಿಮ್ಮ ಮನೆಯ ಹಿರಿಯರಿಗೆ ಬರುತ್ತಿರಬಹುದು. ಅವರನ್ನು ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ನಡುವೆ ಮಾತೇ ಕಡಿಮೆಯಾಗಿದೆ. ಒಂದು ಗರಿ ಅವರನ್ನು ಹತ್ತಿರ ಕೂರಿಸುತ್ತದೆ.

ಬಿಸಾಡುವ ವಸ್ತುಗಳಿಂದ ಆಟಿಕೆ ಮಾಡುವ ವಿದ್ಯೆಗೇ ಜೀವನ ಮುಡಿಪಾಗಿಟ್ಟ ಅರವಿಂದ ಗುಪ್ತಾ ಅವರು ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರ್. ಬೆಂಕಿಕಡ್ಡಿ, ಸೈಕಲ್ಲಿನ ವಾಲ್‌ಟ್ಯೂಬ್ ಮುಂತಾದವುಗಳಿಂದ ಅವರು ಮಾಡಿ ತೋರಿಸಿದ ಆಟಿಕೆಗಳು ದೇಶದ ಅಸಂಖ್ಯ ಮಕ್ಕಳನ್ನು ತಲುಪಿವೆ. 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಆಟಿಕೆಯ ಬೆಲೆಗೂ ಕಲಿಕೆಗೂ ಸಂಬಂಧವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಂಗನವಾಡಿಯನ್ನು ಬರೀ ಪೌಷ್ಟಿಕ ಆಹಾರ ಕೊಡುವ ಜಾಗವೆಂದು ಕಡೆಗಣಿಸುವವರಿದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಈ ಯೋಜನೆಗೆ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರ. ಆಹಾರ, ಚುಚ್ಚುಮದ್ದುಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದ ಮೂಲಕ ಪಾಠ ಎಂಬುದು ಆ ಯೋಜನೆಯಲ್ಲೇ ಇದೆ. ಅಲ್ಲಿ ಮಗು ಏನು ಆಡಿತೆಂದು ಕಾರ್ಯಕರ್ತೆಯನ್ನು ಕೇಳಿ, ಸಂಜೆ ಮನೆಯಲ್ಲೂ ಅದನ್ನೇ ಆಡಿಸಿ.

ಎಚ್ಚರ ತಪ್ಪಬಾರದ ಸಂಗತಿಗಳು

ಮೂಗಿನಲ್ಲಿ ಹುಣಸೆಬೀಜ, ಕಿವಿಯಲ್ಲಿ ಕಡಲೆಕಾಳು ಸಿಕ್ಕಿಸಿಕೊಂಡ ಮಕ್ಕಳು ನಮ್ಮಂಥ ವೈದ್ಯರಿಗೆ ಹೊಸಬರೇನಲ್ಲ. ಹೇರ್‌ಪಿನ್ ಹಾಕಿ ಕೆದಕಬೇಡಿ, ನೀರು ಬಿಡಬೇಡಿ. ನೀರು ಕುಡಿದ ಕಾಳು ಉಬ್ಬುತ್ತದೆ. ಹಾಗೆಯೇ ವೈದ್ಯರ ಬಳಿ ಕರೆತನ್ನಿ.

ಶ್ವಾಸನಾಳಕ್ಕೆ ಹೋದ ಕಾಳು ಪ್ರಾಣಕ್ಕೇ ಅಪಾಯ. ಮೂರು ವರ್ಷ ತುಂಬದವರ ಕೈಗೆ ಕಾಳು, ಬೀಜ, ಗುಂಡಿ, ಮಣಿಗಳನ್ನು ಕೊಡಲೇಬಾರದು. ದೊಡ್ಡ ಮಕ್ಕಳಾದರೂ ಹಿರಿಯರು ಪಕ್ಕದಲ್ಲೇ ಕುಳಿತಿರಬೇಕು, ಆಟ ಮುಗಿದ ಮೇಲೆ ಕಾಳನ್ನು ಎಣಿಸಿ ಎತ್ತಿಡಬೇಕು. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ತಿನ್ನಲು ಕೊಡಬೇಡಿ, ಪುಡಿ ಮಾಡಿ ಕೊಡಿ. ಗಂಟಲಲ್ಲಿ ಸಿಕ್ಕಿದಾಗ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಿ, ತಕ್ಷಣ 108ಕ್ಕೆ ಕರೆ ಮಾಡಿಸಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಗುಲಗಂಜಿ, ಹರಳು, ಕಣಗಿಲೆ ಕಾಯಿ ಇವು ನೋಡಲು ಚೆಂದವಾದರೂ ವಿಷ. ಆಟಕ್ಕೆ ಬೇಡವೇ ಬೇಡ. ಆಟಿಕೆ, ರಿಮೋಟ್‌ಗಳ ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟಂತಾಗಬಹುದು. ಕಾಯದೆ ಆಸ್ಪತ್ರೆಗೆ ಒಯ್ಯಿರಿ. ನೀರಾಟ ಮುಗಿದೊಡನೆ ಬಕೆಟ್ ಬರಿದು ಮಾಡಿ. ಎಳೆ ಮಗುವಿಗೆ ಗೇಣುದ್ದದ ನೀರೂ ಸಾಕು ಅಪಾಯಕ್ಕೆ. ಮಣ್ಣಾಟದ ನಂತರ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ.

ಯಾವಾಗ ತೋರಿಸಬೇಕು?

ಎಲ್ಲದಕ್ಕೂ ಮೊಬೈಲೇ ಕಾರಣವೆಂದು ಕೂರುವುದೂ ತಪ್ಪು. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದ, ಒಂದೂವರೆ ವರ್ಷಕ್ಕೆ ಒಂದೂ ಪದ ಆಡದ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂಥ ಎರಡು ಪದ ಕೂಡಿಸದ ಮಗುವನ್ನು ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಲೇಬೇಕು. ಕಲಿತ ಮಾತನ್ನು ಯಾವ ವಯಸ್ಸಿನಲ್ಲೇ ಮರೆತರೂ ತಡಮಾಡಬಾರದು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆಯಿರಬಹುದು. 'ಅವರಪ್ಪನೂ ತಡವಾಗೇ ಮಾತಾಡಿದ್ದು' ಎಂದು ಕಾಯುತ್ತ ಕುಳಿತರೆ ಮಿದುಳು ಬೇಗ ಕಲಿಯುವ ವರ್ಷಗಳು ಕಳೆದುಹೋಗುತ್ತವೆ. 2013ರಿಂದ ನಡೆದುಬಂದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಹೆಚ್ಚಿನ ಪರೀಕ್ಷೆ, ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಯುಗಾದಿ ಕಳೆದ ಮೇಲೆ ಆ ಹುಡುಗ ಮತ್ತೆ ಬಂದ. ಈ ಬಾರಿ ನಿಜವಾಗಿಯೂ ಜ್ವರವಿತ್ತು. ಎದೆ ಪರೀಕ್ಷಿಸಲು ನಾನು ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಳ್ಳುವಷ್ಟರಲ್ಲಿ, ಯಾರೂ ಹೇಳದೆಯೇ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಕ್ಷರ ಇನ್ನೂ ಸೊಟ್ಟಗೇ ಇದೆ ಎಂದರು ತಾಯಿ. ಇರಲಿ, ಅದಕ್ಕೆ ಸಮಯವಿದೆ. "ಅವರೆಕಾಯಿ ಕಾಲ ಮುಗೀತಲ್ರೀ, ಈಗೇನು ಮಾಡ್ಸಾದು?" ಎಂದು ಅಜ್ಜಿ ಕೇಳಿದರು. ಬೇಸಿಗೆಯಲ್ಲವೇ, ಹುಣಸೆಹಣ್ಣು ಒಡೆದು ಓಡು, ನಾರು ತೆಗೆಯುವ ಕೆಲಸವಿದ್ದೇ ಇದೆ. ಬೀಜ ಮಾತ್ರ ನಿಮ್ಮ ಕೈಯಲ್ಲಿರಲಿ ಎಂದೆ.

ನಿಮ್ಮ ಮನೆಯಲ್ಲೂ ಇಂದು ಸಂಜೆಯೇ ಆರಂಭಿಸಬಹುದು. ಓದಿ ಮುಗಿದ ಮೇಲೆ ಈ ಪತ್ರಿಕೆಯನ್ನು ಮಗುವಿನ ಕೈಗೆ ಕೊಡಿ. ಉದ್ದುದ್ದ ಪಟ್ಟಿ ಹರಿಯಲಿ, ಉಂಡೆ ಕಟ್ಟಲಿ, ಎಸೆಯಲಿ. ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಶಾಯಿ ಒಳ್ಳೆಯದಲ್ಲ. ಮಗುವಿನ ಎದುರು ನೀವೂ ನೆಲದ ಮೇಲೆ ಕುಳಿತುಕೊಳ್ಳಿ. ನಿಮ್ಮ ಮೊಬೈಲ್ ಅಷ್ಟು ಹೊತ್ತು ಇನ್ನೊಂದು ಕೋಣೆಯಲ್ಲಿರಲಿ.