ಸಣ್ಣ ದ್ವೀಪಗಳು ಒಂದೇ ತಂಡವಾಗಬೇಕೇ?



ಕ್ರಿಕೆಟ್ ನಮಗೆಲ್ಲ ಗೊತ್ತು. ರಗ್ಬಿ ಅಷ್ಟಾಗಿ ಗೊತ್ತಿಲ್ಲ. ತಂಡಕ್ಕೆ ಹದಿನೈದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತಬೇಕು. ಈ ಆಟದಲ್ಲಿ ಪೆಸಿಫಿಕ್ ಸಾಗರದ ಫಿಜಿ, ಸಮೋವಾ, ಟೋಂಗಾ ದೇಶಗಳು ಹೆಸರುವಾಸಿ. ಮೂರರ ಜನಸಂಖ್ಯೆ ಕೂಡಿಸಿದರೂ ನಮ್ಮ ಕೊಯಮತ್ತೂರು ನಗರಕ್ಕೆ ಸಮ ಬರುವುದಿಲ್ಲ.

ಇವರು ಒಂದಾದರೆ ದೊಡ್ಡವರನ್ನು ಸೋಲಿಸಬಹುದಲ್ಲವೇ ಎಂಬ ಮಾತು ಆಗಾಗ ಏಳುತ್ತದೆ. ಮಾಡಿ ನೋಡಿದ್ದೂ ಉಂಟು. 'ಪೆಸಿಫಿಕ್ ಐಲ್ಯಾಂಡರ್ಸ್' ಎಂಬ ಕೂಡುತಂಡ 2004, 2006, 2008ರಲ್ಲಿ ಒಟ್ಟು 9 ಟೆಸ್ಟ್ ಪಂದ್ಯ ಆಡಿತು. ಗೆದ್ದದ್ದು ಒಂದೇ, 2008ರಲ್ಲಿ ಇಟಲಿಯ ಮೇಲೆ. 2009ರಲ್ಲಿ ಸಮೋವಾ ಹೊರಬಂದಿತು. ಒಂಬತ್ತೂ ಪಂದ್ಯ ಪರರ ನೆಲದಲ್ಲಿ; ಟಿಕೆಟಿನ ಹಣ ಬಹುಮಟ್ಟಿಗೆ ಆತಿಥೇಯರಿಗೇ ಹೋಗುವುದು ಆ ಆಟದ ರೂಢಿ. ಆಟಗಾರರು ಜೊತೆಯಲ್ಲಿ ಅಭ್ಯಾಸ ಮಾಡಲು ಸಿಕ್ಕಿದ ದಿನಗಳೂ ಕಡಿಮೆ.

ಬೇರೆ ಬೇರೆಯಾಗಿ ಆಡಿದಾಗಲೋ? ವಿಶ್ವಕಪ್ಪಿನಲ್ಲಿ ಸಮೋವಾ 1991ರಲ್ಲಿ ವೇಲ್ಸನ್ನು, ಟೋಂಗಾ 2011ರಲ್ಲಿ ಫ್ರಾನ್ಸನ್ನು, ಫಿಜಿ 2023ರಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿದವು.

ವೆಸ್ಟ್ ಇಂಡೀಸ್ ಇಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರು ಒಂದಾಗಿಯೇ 1975 ಮತ್ತು 1979ರ ವಿಶ್ವಕಪ್ ಗೆದ್ದರು. ಆದರೆ 1928ರ ಮೊದಲ ಟೆಸ್ಟಿನಿಂದಲೂ ಅವರದು ಒಂದೇ ತಂಡ. ಬಿಟ್ಟುಕೊಡಲು ಬೇರೆ ಸ್ಥಾನಗಳು ಇರಲಿಲ್ಲ. ಪೆಸಿಫಿಕ್ಕಿನವರಿಗೆ ಇವೆ. 2023ರ ವಿಶ್ವಕಪ್ಪಿಗೆ ಮೂರು ದೇಶಗಳೂ ಹೋದವು, ತಂಡಕ್ಕೆ 33 ಆಟಗಾರರಂತೆ 99 ಮಂದಿ. ಒಂದಾಗಿದ್ದರೆ 33 ಮಂದಿ; ಉಳಿದ 66 ಹುಡುಗರು ಮನೆಯಲ್ಲಿ.

ನಮ್ಮಲ್ಲೊಂದು ಒಳ್ಳೆಯ ದಾರಿಯಿದೆ. ರಣಜಿ ಟ್ರೋಫಿಯ ಮೊದಲ ಪಂದ್ಯ 1934ರಲ್ಲಿ ಚೆಪಾಕಿನಲ್ಲಿ ಮದರಾಸು ಮತ್ತು ಮೈಸೂರಿನ ನಡುವೆ ನಡೆದು, ಒಂದೇ ದಿನದಲ್ಲಿ ಮುಗಿಯಿತು. 1961ರಲ್ಲಿ ದುಲೀಪ್ ಟ್ರೋಫಿ ಬಂದ ಮೇಲೆ ಅದೇ ಎದುರಾಳಿಗಳು ದಕ್ಷಿಣ ವಲಯವಾಗಿ ಕೂಡಿದರು. ಮೈಸೂರಿನ ಪ್ರಸನ್ನ, ಚಂದ್ರಶೇಖರ್ ಮತ್ತು ಮದರಾಸಿನ ವೆಂಕಟರಾಘವನ್ ಒಂದೇ ವಲಯದ ಪರ ಬೌಲ್ ಮಾಡಿದರು. ಆದರೆ ರಣಜಿಯಲ್ಲಿ ಯಾರ ತಂಡವೂ ಅಳಿಯಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಾಯಿಂಟ್ ಅಕೌಂಟ್ ತೆರೆಯಲು ಸ್ವಂತ ಉಳಿತಾಯ ಖಾತೆ ಮುಚ್ಚಬೇಕಾಗಿಲ್ಲ.

ಸೇರುವುದರಿಂದ ಲಾಭವಿಲ್ಲವೆಂದಲ್ಲ. ನಮ್ಮ ಕುರಿಚಿ ನಗರಸಭೆಯೂ 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ದೊಡ್ಡ ಮನೆಯ ಬಲ ಬಂತು. ಊರಿಗೆಂದೇ ಇದ್ದ ಅಧ್ಯಕ್ಷರ ಕುರ್ಚಿ ಹೋಯಿತು. ಊರುಗಳಿಗೆ ನೀರು, ರಸ್ತೆ ಮುಖ್ಯವಾದ್ದರಿಂದ ಈ ವ್ಯಾಪಾರ ಸರಿಯಿರಬಹುದು. ಆಟದಲ್ಲಿ ಹೆಸರೇ ಬಂಡವಾಳ. ತಮಿಳುನಾಡಿನಲ್ಲಿ ಕನ್ನಡವಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ದ್ವೀಪದವರು ನಾಲ್ಕು ವರ್ಷಕ್ಕೊಮ್ಮೆ ಕೂಡಿ ಆಡಲಿ, ಟಿಕೆಟಿನ ಹಣದಲ್ಲಿ ಪಾಲನ್ನೂ ಕೇಳಲಿ. ವಿಶ್ವಕಪ್ಪಿಗೆ ಮಾತ್ರ ಮೂರು ಬಾವುಟಗಳೊಂದಿಗೇ ಹೋಗಲಿ.